ವೇಗದ ಕಾರಿಗೆ ಯಾವ ಎಣ್ಣೆ?

ಚನ್ನಪಟ್ಟಣದಲ್ಲಿ ಬೊಂಬೆ ತಯಾರಿಸುವುದನ್ನು ನೀವು ನೋಡಿದ್ದೀರಾ? ಲೇತ್‌ನಲ್ಲಿ ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಕುಶಲಕರ್ಮಿಗಳು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬೇರೆ ಬೆಂಕಿ ಬೇಕಿಲ್ಲ. ಇಂಥದೇ ಘರ್ಷಣೆ ಕಾರಿನ ಎಂಜಿನ್ನಿನಲ್ಲಿ ನಡೆದರೆ ಹಾಳಾಗುವುದು ಬೇರಿಂಗ್. ಅದನ್ನು ಕಾಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಅಲ್ಲಿ ಟರ್ಬೊ ಎಂಜಿನ್ನಿನ ಕಾರುಗಳು ಈಗ ಸಾಮಾನ್ಯ. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಕಡಿಮೆ ದರ್ಜೆಯ ಎಣ್ಣೆ ಅಲ್ಲಿನ ಶಾಖಕ್ಕೆ ಸುಟ್ಟು ಕರಿ ಕಟ್ಟುತ್ತದೆ. ಸಿಂಥೆಟಿಕ್ ಎಣ್ಣೆ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಡಬ್ಬಿಯ ಮೇಲಿನ '5ಡಬ್ಲ್ಯು-30' ಎಂದರೇನು? ಮೊದಲ ಭಾಗ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆಯ ದರ್ಜೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ. 'ನಮ್ಮ ಬಿಸಿಲಿಗೆ ಮಂದ ಆಯಿಲ್ಲೇ ಸರಿ' ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ಇದನ್ನು ಒಪ್ಪುವುದು ಕಷ್ಟ. ಎಂಜಿನ್ನಿನ ಉಷ್ಣತೆಯನ್ನು ಹೆಚ್ಚಾಗಿ ನಿರ್ಧರಿಸುವುದು ಥರ್ಮೋಸ್ಟಾಟ್, ಮಾಗಡಿಯ ಬಿಸಿಲಲ್ಲ. ಬೇಕಾದುದಕ್ಕಿಂತ ಮಂದವಾದ ಎಣ್ಣೆ, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಕಿರಿದಾದ ನಾಳಗಳಿಗೆ ತಡವಾಗಿ ತಲುಪುತ್ತದೆ.

ಒಂದೇ ಅಂಕಿಯ ಎರಡು ಡಬ್ಬಿಗಳೂ ಸಮವಲ್ಲ. 150 ಡಿಗ್ರಿಯಲ್ಲಿ, ಬಿರುಸಿನ ತಿಕ್ಕಾಟದಲ್ಲಿ, 5ಡಬ್ಲ್ಯು-30 ಎಣ್ಣೆಯ ಸ್ನಿಗ್ಧತೆ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ ಇದ್ದರೆ ಸಾಕು. ಆದರೆ 'ಎಸಿಇಎ ಸಿ3' ಅಥವಾ 'ಎ3/ಬಿ4' ಎಂದು ಬರೆದಿದ್ದರೆ ಕನಿಷ್ಠ 3.5 ಇರಲೇಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಈ ಗುರುತು ಇದ್ದರೆ, ಡಬ್ಬಿಯ ಮೇಲೂ ಅದೇ ಇದೆಯೇ ನೋಡಿ. ಅಂಗಡಿಯವರು ಅಂಕಿಯನ್ನಷ್ಟೇ ಕೇಳುತ್ತಾರೆ!

ಗೇರ್ ಆಯಿಲ್‌ನಲ್ಲೂ ಹೀಗೆಯೇ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಜಿಎಲ್-5 ಹಾಕಿದರೆ, ಅದರಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಭಾಗಗಳನ್ನು ಸವೆಸಬಹುದು. ಕೂಲೆಂಟಿಗೆ ಕೊಳವೆಬಾವಿಯ ಗಡಸು ನೀರು ಬೇಡ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ರೇಡಿಯೇಟರಿನಲ್ಲೂ ಕಟ್ಟುತ್ತದೆ.

ಹೆಚ್ಚು ಮಂದಿ ಮರೆಯುವುದು ಬ್ರೇಕ್ ಆಯಿಲ್. ಹೆಸರು ಆಯಿಲ್ ಆದರೂ ಇದು ಎಣ್ಣೆಯಲ್ಲ. ಗ್ಲೈಕಾಲ್ ಮೂಲದ, ಗಾಳಿಯ ತೇವವನ್ನು ಹೀರುವ ದ್ರವ. ಡಾಟ್-4 ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್-5.1ರಲ್ಲಿ ಇವು 260 ಮತ್ತು 180. ಕನಕಪುರದಿಂದ ಸಂಗಮದ ಕಡೆಗೆ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಹಿಡಿದಿರೆನ್ನಿ. ಬಿಸಿಯಾದ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸಿ. ಡಾಟ್-5 ಎಂಬುದು ಸಿಲಿಕೋನ್ ದ್ರವ; 5.1 ಎಂದು ತಿಳಿದು ಅದನ್ನು ಕೊಳ್ಳಬೇಡಿ, ಇವೆರಡೂ ಬೆರೆಯುವುದಿಲ್ಲ.