ಹಸುಗೂಸಿಗೆ ನಾಯಿಕೆಮ್ಮು: ಸೀಮಂತದ ಹೊತ್ತಿಗೇ ಬೇಕು ಎಚ್ಚರ

ಮುಂಬಯಿ: ನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಮನೆಗಳಲ್ಲಿ ಏಳನೇ ತಿಂಗಳ ಸೀಮಂತ ಮುಗಿಯುತ್ತಲೇ ಸೊಸೆಯನ್ನು ಹೆರಿಗೆಗೆ ಊರಿನ ತವರಿಗೆ ಕಳುಹಿಸುವ ತಯಾರಿ ಶುರುವಾಗುತ್ತದೆ. ಮತ್ಸ್ಯಗಂಧ ರೈಲಿನ ಟಿಕೆಟು, ಸೀರೆ, ತಿಂಡಿಗಳ ಗಡಿಬಿಡಿಯಲ್ಲಿ ಒಂದು ಚುಚ್ಚುಮದ್ದಿನ ನೆನಪು ಮಾತ್ರ ಯಾರಿಗೂ ಆಗುವುದಿಲ್ಲ. ಹುಟ್ಟಲಿರುವ ಮಗುವನ್ನು ನಾಯಿಕೆಮ್ಮಿನಿಂದ ಕಾಯುವ ಟಿಡ್ಯಾಪ್ ಲಸಿಕೆಯದು.

ನಮ್ಮ ಮರಾಠಿ ನೆರೆಹೊರೆಯವರು 'ಡಾಂಗ್ಯಾ ಖೋಕ್ಲಾ' ಎನ್ನುವ ಈ ರೋಗ ದೊಡ್ಡವರಲ್ಲಿ ವಾರಗಟ್ಟಲೆ ಬಿಡದ ಕೆಮ್ಮಷ್ಟೇ ಆಗಿರಬಹುದು. ಲೋಕಲ್ ರೈಲಿನ ಧೂಳು, ಹವೆಯ ಬದಲಾವಣೆ ಎಂದು ಸುಮ್ಮನಾಗುವವರೇ ಹೆಚ್ಚು. ಅದೇ ಕೆಮ್ಮು ಎರಡು ತಿಂಗಳ ಒಳಗಿನ ಕೂಸಿಗೆ ತಗಲಿದರೆ ಪ್ರಾಣಾಪಾಯ. ಎಳೆಗೂಸು ಹಲವೊಮ್ಮೆ ಸದ್ದು ಮಾಡಿ ಕೆಮ್ಮುವುದೂ ಇಲ್ಲ. ಉಸಿರು ನಿಂತು ನಿಂತು ಬರುತ್ತದೆ, ತುಟಿ ನೀಲಿಗಟ್ಟುತ್ತದೆ.

'ತಾಯಿಗೆ ಚಿಕ್ಕಂದಿನಲ್ಲಿ ಬಂದು ಹೋಗಿದೆ, ಮಗುವಿಗೆ ಹೆದರಿಕೆಯಿಲ್ಲ' ಎಂಬ ಹಿರಿಯರ ಮಾತು ಸರಿಯಲ್ಲ. ರೋಗದಿಂದಾಗಲಿ ಲಸಿಕೆಯಿಂದಾಗಲಿ ಬಂದ ರಕ್ಷಣೆ ಕೆಲ ವರ್ಷಗಳಲ್ಲಿ ಕುಂದುತ್ತದೆ. ತಾಯಿಯ ರಕ್ತದಲ್ಲಿ ಇಲ್ಲದ್ದು ಮಗುವಿಗೆ ಸಿಗುವುದೆಲ್ಲಿಂದ? ಎದೆಹಾಲು ಅಮೃತವೇ ಹೌದು, ಆದರೆ ಈ ಒಂದು ರೋಗಕ್ಕೆ ಅದೊಂದೇ ಸಾಲದು. ಮಗುವಿನ ಸ್ವಂತ ಲಸಿಕೆ, ಅಂದರೆ ಸರಕಾರ ಉಚಿತವಾಗಿ ಕೊಡುವ ಪೆಂಟಾವ್ಯಾಲೆಂಟ್, ಆರಂಭವಾಗುವುದೇ 6 ವಾರಕ್ಕೆ. ಮುಂದಿನವು 10 ಮತ್ತು 14 ವಾರಕ್ಕೆ.

ಈ ನಡುವಿನ ಬಯಲನ್ನು ತುಂಬುವುದೇ ಟಿಡ್ಯಾಪ್. ಗರ್ಭದ 27ರಿಂದ 36ನೇ ವಾರದೊಳಗೆ ತಾಯಿ ಇದನ್ನು ಪಡೆದರೆ ಎರಡು ವಾರಗಳಲ್ಲಿ ಆಕೆಯ ದೇಹದಲ್ಲಿ ರೋಗನಿರೋಧಕ ಅಂಶಗಳು ಹೆಚ್ಚಿ, ಗರ್ಭದಲ್ಲೇ ಮಗುವಿಗೆ ಹರಿದುಹೋಗುತ್ತವೆ. ಲೆಕ್ಕ ಹಾಕಿದರೆ ಸೀಮಂತದ ಕಾಲವೇ! ಇಂಗ್ಲೆಂಡಿನಲ್ಲಿ 2012ರಲ್ಲಿ ನಾಯಿಕೆಮ್ಮು ಹೆಚ್ಚಿ ಹಸುಗೂಸುಗಳು ಅಸುನೀಗಿದಾಗ ಅಲ್ಲಿನ ಸರಕಾರ ಗರ್ಭಿಣಿಯರಿಗೆ ನಾಯಿಕೆಮ್ಮಿನ ಲಸಿಕೆ ಆರಂಭಿಸಿತು. ಲಸಿಕೆ ಪಡೆದ ತಾಯಂದಿರ ಎಳೆಗೂಸುಗಳಿಗೆ ಶೇ. 90ರಷ್ಟು ರಕ್ಷಣೆ ದೊರೆತದ್ದು ಅಲ್ಲಿ ಕಂಡುಬಂತು.

ಇಲ್ಲೊಂದು ಗೊಂದಲವಿದೆ. 'ಟಿಟಿ ಆಗಿದೆಯಲ್ಲ' ಎನ್ನುವವರು ಬಹಳ. ಸರಕಾರಿ ಕಾರ್ಯಕ್ರಮದಲ್ಲಿ ಟಿಟಿಯ ಬದಲಿಗೆ ಬಂದಿರುವ ಟಿಡಿ ಲಸಿಕೆ ಧನುರ್ವಾಯು ಮತ್ತು ಗಂಟಲಮಾರಿಗೆ ಮಾತ್ರ. ನಾಯಿಕೆಮ್ಮಿನ ಅಂಶ ಅದರಲ್ಲಿಲ್ಲ. ಟಿಡ್ಯಾಪ್ ಬೇಕೆಂದು ವೈದ್ಯರಲ್ಲಿ ಹೆಸರು ಹೇಳಿಯೇ ಕೇಳಬೇಕು. ಖಾಸಗಿಯಲ್ಲಿ ಹಣ ಕೊಟ್ಟು ಪಡೆಯಬೇಕಾದೀತು. ಸಕ್ಕರೆ, ರಕ್ತದೊತ್ತಡ ತಪಾಸಣೆಗೆ ಶಿಬಿರ ನಡೆಸುವ ನಮ್ಮ ಸಂಘಗಳ ಮಹಿಳಾ ವಿಭಾಗಗಳು ಇದನ್ನೂ ಕೈಗೆತ್ತಿಕೊಳ್ಳಬಾರದೇಕೆ?

ಊರಿನಲ್ಲಿ 6 ವಾರದ ಲಸಿಕೆ ಆಗಿ ಮಗು ಮುಂಬಯಿಗೆ ಬಂದರೆ ಕಾರ್ಡು ಜತೆಗಿರಲಿ. ಉಳಿದವನ್ನು ಇಲ್ಲಿನ ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ಕೊಡಿಸಬಹುದು. ನಾಮಕರಣಕ್ಕೆ ಬಂದ ನೆಂಟರಲ್ಲಿ ಕೆಮ್ಮುವವರು ಬೇಸರಿಸದೆ ತೊಟ್ಟಿಲಿನಿಂದ ದೂರವಿರಲಿ. ಕೆಮ್ಮಿಗೆಂದು ಜೇನು ನೆಕ್ಕಿಸುವುದಂತೂ ವರ್ಷದೊಳಗಿನ ಮಗುವಿಗೆ ಖಂಡಿತ ಬೇಡ. ಕೂಸು ಹಾಲು ಬಿಟ್ಟು ಉಸಿರಿಗೆ ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರೋಗ ಖಚಿತವಾದರೆ ಜತೆಗಿರುವ ಮನೆಮಂದಿ ತಮಗೆ ಕೆಮ್ಮಿಲ್ಲದಿದ್ದರೂ ಔಷಧಿ ಬೇಕೇ ಎಂದು ವೈದ್ಯರಲ್ಲಿ ವಿಚಾರಿಸತಕ್ಕದ್ದು.