ಹನ್ನೊಂದಕ್ಕೆ ಹಿಂದಿನ ಹತ್ತು: ಪುಟ್ಟ ಮಕ್ಕಳ ಒಂದು ಚಿತ್ರಕಥಾಮಾಲೆಯ ಇತಿಹಾಸ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಬೆಳೆದ ಕನ್ನಡಿಗರ ಮಕ್ಕಳಲ್ಲಿ 'ಅಮರ ಚಿತ್ರಕಥೆ'ಯ ಪುಸ್ತಕವನ್ನು ಕೈಯಲ್ಲಿ ಹಿಡಿಯದವರು ವಿರಳ. ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಟ ಕುಟುಂಬ ರೈಲು ನಿಲ್ದಾಣದ ಪುಸ್ತಕದಂಗಡಿಯ ಮುಂದೆ ಒಂದು ಕ್ಷಣ ನಿಲ್ಲುವುದು, ಮಗು ಹಟ ಹಿಡಿಯುವುದು, ತಂದೆ ಗೊಣಗುತ್ತಲೇ ಜೇಬಿಗೆ ಕೈ ಹಾಕುವುದು, ಇವೆಲ್ಲ ಒಂದು ತಲೆಮಾರಿನ ಸಾಮಾನ್ಯ ಅನುಭವಗಳು. ಆದರೆ ಆ ಮಾಲೆಯ ಹಳೆಯ ಪಟ್ಟಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ತಲೆಯಲ್ಲಿ ನಿಂತ 'ಕೃಷ್ಣ'ನ ಕ್ರಮಸಂಖ್ಯೆ 1 ಅಲ್ಲ, 11. ಲೆಕ್ಕ ಬರೆಯುವ ಯಾವ ಗುಮಾಸ್ತನೂ ಖಾತೆಯನ್ನು ಹನ್ನೊಂದರಿಂದ ಆರಂಭಿಸುವುದಿಲ್ಲ. ಹಾಗಾದರೆ ಮೊದಲ ಹತ್ತು ಪುಸ್ತಕಗಳು ಎಲ್ಲಿ ಹೋದವು?

ಅವು ಕನ್ನಡದಲ್ಲಿದ್ದವು. ಅವುಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಸಿಂಡರೆಲ್ಲ ಇದ್ದಳು, ಹಿಮಗೌರಿ ಇದ್ದಳು, ಮೂರು ಹಂದಿಮರಿಗಳಿದ್ದವು. ಈ ಸಂಗತಿಯನ್ನು ತಿಳಿಯಬೇಕಾದರೆ ಅಮೆರಿಕದ ನ್ಯೂಯಾರ್ಕ್ ನಗರದ ಒಬ್ಬ ಪುಸ್ತಕ ಮಾರಾಟಗಾರನಿಂದ ಕಥೆಯನ್ನು ಆರಂಭಿಸಬೇಕು.

ಆಲ್ಬರ್ಟ್ ಲೂಯಿಸ್ ಕ್ಯಾಂಟರ್ ಹುಟ್ಟಿದ್ದು 1897ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಬಾರಾನೊವಿಚಿ ಎಂಬ ಊರಿನಲ್ಲಿ. 1904ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ ಹುಡುಗ ಊರೂರು ಅಲೆದು ಸರಕು ಮಾರುವ ಕಸುಬಿಗೆ ಇಳಿದ. ಶಾಲೆಯಲ್ಲಿ ತಾನು ಓದದೆ ಬಿಟ್ಟ ಮಹಾಗ್ರಂಥಗಳ ಮೇಲೆ ಅವನಿಗೆ ಅಪಾರ ಗೌರವ. ಮಕ್ಕಳೋ ಹತ್ತು ಸೆಂಟಿನ ಚಿತ್ರಪುಸ್ತಕಗಳಿಗೆ ಮುಗಿಬೀಳುತ್ತಿದ್ದ ಕಾಲವದು. ಅದೇ ರೂಪದಲ್ಲಿ ದೊಡ್ಡ ಕಾದಂಬರಿಗಳನ್ನು ಕೊಟ್ಟರೆ ಹೇಗೆ ಎಂಬ ಯೋಚನೆಯಿಂದ 1941ರ ಅಕ್ಟೋಬರಿನಲ್ಲಿ 'ದಿ ತ್ರೀ ಮಸ್ಕಿಟಿಯರ್ಸ್' ಹೊರಬಂದಿತು. ಮುಂದಿನ ವರ್ಷ ಕ್ಯಾಂಟರ್ ಗಿಲ್ಬರ್ಟನ್ ಎಂಬ ತನ್ನದೇ ಸಂಸ್ಥೆಯನ್ನು ಕಟ್ಟಿದ. 1947ರಲ್ಲಿ ಮಾಲೆಗೆ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' ಎಂಬ ಹೆಸರು ಬಂತು. 'ಕಾಮಿಕ್ಸ್' ಎಂಬ ಪದವನ್ನೇ ಕಳಚಿಕೊಳ್ಳುವುದು ಅದರ ಉದ್ದೇಶ.

ವ್ಯಾಪಾರದ ದೃಷ್ಟಿಯಿಂದ ಕ್ಯಾಂಟರ್ ಮಾಡಿದ ನಿಜವಾದ ಹೊಸತನ ಕಥೆಗಳ ಆಯ್ಕೆಯಲ್ಲಿರಲಿಲ್ಲ, ದಾಸ್ತಾನಿನ ಲೆಕ್ಕದಲ್ಲಿತ್ತು. ಸಾಮಾನ್ಯ ಚಿತ್ರಪತ್ರಿಕೆಯ ಆಯುಸ್ಸು ಒಂದು ತಿಂಗಳು. ಮಾರಾಟವಾಗದ ಪ್ರತಿ ಹಿಂದಕ್ಕೆ ಬಂದು ರದ್ದಿಗೆ ಸೇರುತ್ತದೆ. ಕ್ಯಾಂಟರ್ ತನ್ನ ಪ್ರಕಟಣೆಗಳನ್ನು ಪತ್ರಿಕೆಯೆಂದು ಎಣಿಸಲೇ ಇಲ್ಲ, ಪುಸ್ತಕವೆಂದು ಎಣಿಸಿದ. ಒಂದು ಪುಸ್ತಕ ಖರ್ಚಾದರೆ ಅದನ್ನೇ ಮತ್ತೆ ಮುದ್ರಿಸಿದ. ಹತ್ತು ವರ್ಷ ಹಿಂದಿನದೂ ಅಂಗಡಿಯಲ್ಲಿ ಹೊಸದರ ಪಕ್ಕದಲ್ಲೇ ನಿಂತಿರುತ್ತಿತ್ತು. ಹಿಂದಿನ ರಕ್ಷಾಪುಟದಲ್ಲಿ ಲಭ್ಯವಿರುವ ಪುಸ್ತಕಗಳ ಸಂಖ್ಯಾವಾರು ಪಟ್ಟಿ, ಬೇಕಾದವರು ತುಂಬಿ ಕಳಿಸಲು ಒಂದು ನಮೂನೆ. ಹೊರಗಿನವರ ಜಾಹೀರಾತಿಗೆ ಅಲ್ಲಿ ಜಾಗವಿರಲಿಲ್ಲ. ಆ ಪಟ್ಟಿಯ ಕೊನೆಯ ಸಂಖ್ಯೆಯನ್ನು ನೋಡಿಯೇ ಕೈಯಲ್ಲಿರುವ ಪ್ರತಿ ಯಾವ ಮುದ್ರಣದ್ದೆಂದು ಸಂಗ್ರಾಹಕರು ಇಂದಿಗೂ ಗುರುತಿಸುತ್ತಾರೆ. 1962ರ ವೇಳೆಗೆ ಒಟ್ಟು ಮಾರಾಟ ಇಪ್ಪತ್ತು ಕೋಟಿ ಪ್ರತಿಗಳಷ್ಟಾಗಿತ್ತು ಎಂಬ ಅಂಕಿಯ ಹಿಂದೆ ಈ ಮರುಮುದ್ರಣದ ತತ್ತ್ವವೇ ಕೆಲಸ ಮಾಡಿದೆ.

ಆದರೆ ಡ್ಯೂಮಾ, ವಾಲ್ಟರ್ ಸ್ಕಾಟ್ ಇವರ ಕಥೆಗಳು ಹತ್ತು ಹನ್ನೆರಡು ವರ್ಷದ ಹುಡುಗರಿಗೆ ಹಿಡಿಸುವಂಥವು. ಅಕ್ಷರಗಳನ್ನು ಕೂಡಿಸಿ ಓದಲು ಆಗತಾನೆ ಕಲಿಯುತ್ತಿರುವ ಮಗುವಿಗೆ ಅಲ್ಲಿ ಏನೂ ಇರಲಿಲ್ಲ. ಆ ಕೊರತೆಯನ್ನು ತುಂಬಲು 1953ರ ಅಕ್ಟೋಬರಿನಲ್ಲಿ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್' ಹುಟ್ಟಿತು. ಹಿರಿಯ ಮಾಲೆಯ ಸಂಖ್ಯೆಗಳೊಡನೆ ಗೊಂದಲವಾಗದಿರಲೆಂದು ಕಿರಿಯ ಮಾಲೆಯ ಎಣಿಕೆ 501ರಿಂದ ಆರಂಭವಾಯಿತು. 501 ಹಿಮಗೌರಿ ಮತ್ತು ಏಳು ಕುಳ್ಳರು, 502 ಕುರೂಪಿ ಬಾತುಮರಿ, 503 ಸಿಂಡರೆಲ್ಲ. ಬೆಲೆ ಹದಿನೈದು ಸೆಂಟು. ಮೊದಲ ಪುಸ್ತಕಕ್ಕೆ ಚಿತ್ರ ಬರೆದವನು ಹಂಗೆರಿಯಿಂದ ಬಂದು ನೆಲೆಸಿದ ಅಲೆಕ್ಸ್ ಬ್ಲಮ್. ಪ್ರಕಾಶಕ ವಲಸೆಗಾರ, ಚಿತ್ರಕಾರನೂ ವಲಸೆಗಾರ. ಜರ್ಮನಿಯ ಗ್ರಿಮ್ ಸಹೋದರರು, ಫ್ರಾನ್ಸಿನ ಪೆರೋ, ಡೆನ್ಮಾರ್ಕಿನ ಆಂಡರ್ಸನ್ ಹೇಳಿದ ಹಳೆಯ ನಾಡಿನ ಕಥೆಗಳನ್ನು ಹೊಸ ನಾಡಿನ ಮಕ್ಕಳಿಗೆ ದಾಟಿಸುವ ಕೆಲಸ ಅವರ ಪಾಲಿಗೆ ಬಂದದ್ದು ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ಯಾರಿಗಾದರೂ ಅರ್ಥವಾಗುವಂಥದು.

ಜೂನಿಯರ್ ಪುಸ್ತಕದ ರಚನೆ ಸರಳ. ಚೌಕಟ್ಟುಗಳು ದೊಡ್ಡವು, ವಾಕ್ಯಗಳು ಚಿಕ್ಕವು. ಮುಖ್ಯಕಥೆ ಮುಗಿದ ಮೇಲೆ ಈಸೋಪನ ಒಂದು ನೀತಿಕಥೆ, ಒಂದು ಶಿಶುಗೀತೆ, ಯಾವುದಾದರೊಂದು ಪ್ರಾಣಿಯ ಪರಿಚಯ. ಜೊತೆಗೆ ಬಣ್ಣ ತುಂಬಲೆಂದು ಬರಿಯ ಗೆರೆಗಳಲ್ಲಿ ಬಿಟ್ಟ ಒಂದು ಪುಟ. ವಾಲ್ಟ್ ಡಿಸ್ನಿಯ ಹಿಮಗೌರಿ 1937ರಲ್ಲೇ ತೆರೆಗೆ ಬಂದು ಜಗತ್ತಿನ ಕಣ್ಣನ್ನೆಲ್ಲ ಸೆಳೆದಿದ್ದಳು. ಅದರ ಎದುರು ಈ ಪುಸ್ತಕದ ಚಿತ್ರಗಳು ಸಪ್ಪೆಯೆಂದು ತೋರಬಹುದು. ಆದರೆ ಚಲನಚಿತ್ರವನ್ನು ಅದು ಓಡಿದ ವೇಗದಲ್ಲಿಯೇ ನೋಡಬೇಕು. ಪುಸ್ತಕವನ್ನಾದರೋ ಮಗು ತನ್ನ ವೇಗದಲ್ಲಿ ಓದುತ್ತದೆ, ಬೇಕೆನಿಸಿದ ಪುಟಕ್ಕೆ ನೂರು ಸಲ ಹಿಂದಿರುಗುತ್ತದೆ.

ಮಾಲೆ ಆರಂಭವಾದ ಮರುವರ್ಷವೇ ಚಿತ್ರಕಥೆಗಳಿಗೆ ಕಂಟಕ ಒದಗಿತು. ಆರೋಗ್ಯ ಲೇಖನಗಳಿರುವ ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ, ಏಕೆಂದರೆ ಆ ಕಂಟಕ ಬಂದದ್ದು ಒಬ್ಬ ವೈದ್ಯನಿಂದ. ಫ್ರೆಡ್ರಿಕ್ ವರ್ಥಮ್ ಮನೋರೋಗತಜ್ಞ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡವರಿಗಾಗಿ ಮಾನಸಿಕ ಚಿಕಿತ್ಸಾಲಯ ನಡೆಸಿದ ಸಜ್ಜನ. ಕೊಲೆ ದರೋಡೆಗಳ ಚಿತ್ರಪುಸ್ತಕಗಳು ಎಳೆಯರ ಮನಸ್ಸನ್ನು ಕೆಡಿಸುತ್ತಿವೆ ಎಂದು 1954ರಲ್ಲಿ ಒಂದು ಗ್ರಂಥವನ್ನೇ ಬರೆದ. ಅಮೆರಿಕದ ಸೆನೆಟ್ ಸಭೆಯ ಉಪಸಮಿತಿ ವಿಚಾರಣೆ ನಡೆಸಿತು. ಗಾಬರಿಗೊಂಡ ಪ್ರಕಾಶಕರು ಅದೇ ವರ್ಷ ಒಂದು ನೀತಿಸಂಹಿತೆಯನ್ನು ತಮ್ಮ ಮೇಲೆ ತಾವೇ ಹೇರಿಕೊಂಡರು. ಗಿಲ್ಬರ್ಟನ್ ಅದಕ್ಕೆ ಸಹಿ ಹಾಕಲಿಲ್ಲ. ತಾನು ಪ್ರಕಟಿಸುವುದು ಕಾಮಿಕ್ಸೇ ಅಲ್ಲವೆಂಬ ನಿಲುವು ಅದರದು. ವರ್ಥಮ್ ಮಹಾಶಯನಾದರೋ ಕ್ಲಾಸಿಕ್ಸ್ ಮಾಲೆಯನ್ನೂ ಟೀಕೆಯಿಂದ ಹೊರತುಪಡಿಸಿರಲಿಲ್ಲ.

ಈ ಪ್ರಕರಣಕ್ಕೆ ಅರ್ಧ ಶತಮಾನ ಕಳೆದ ಮೇಲೆ ಒಂದು ಉತ್ತರಾರ್ಧ ದೊರೆಯಿತು. ವರ್ಥಮನ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲಿ ಅವುಗಳನ್ನು ಪರಿಶೀಲಿಸಿ, ಮಕ್ಕಳ ಹೇಳಿಕೆಗಳನ್ನು ಆತ ತನ್ನ ವಾದಕ್ಕೆ ಒಪ್ಪುವಂತೆ ತಿದ್ದಿದ್ದನ್ನೂ ಪ್ರತಿಕೂಲವಾದ ವಿವರಗಳನ್ನು ಕೈಬಿಟ್ಟದ್ದನ್ನೂ 2012ರಲ್ಲಿ ತೋರಿಸಿದರು. ಮಕ್ಕಳ ಹಿತದ ಕಳಕಳಿ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಸಾಕ್ಷ್ಯವೂ ಪ್ರಾಮಾಣಿಕವಾಗಿರಬೇಕೆಂದಿಲ್ಲ. 'ಚಿತ್ರಪುಸ್ತಕ ಓದಿದರೆ ಹುಡುಗ ಹಾಳಾಗುತ್ತಾನೆ' ಎಂದು ನಮ್ಮ ಮನೆಗಳಲ್ಲಿ ಹಿರಿಯರು ಗದರಿದ್ದಕ್ಕೆ ಹಾರ್ಲೆಮ್‌ನ ವೈದ್ಯ ಕಾರಣನಲ್ಲ. ಆದರೂ ಆ ಭಯ ಎರಡು ಕಡೆಯೂ ಒಂದೇ ಬಗೆಯದು.

1962ರವರೆಗೆ, 577ನೆಯ ಸಂಖ್ಯೆಯವರೆಗೆ ಜೂನಿಯರ್ ಮಾಲೆ ಬೆಳೆಯಿತು. ಆಮೇಲೆ ಹೊಸ ಪುಸ್ತಕಗಳು ನಿಂತವು. ಮನೆಮನೆಗೆ ದೂರದರ್ಶನ ಬಂದಿತ್ತು, ಅಗ್ಗದ ಕಾಗದರಟ್ಟಿನ ಪುಸ್ತಕಗಳು ಬಂದಿದ್ದವು. ರಿಯಾಯಿತಿ ದರದ ಅಂಚೆಯ ಪರವಾನಗಿಯೂ ಸಂಸ್ಥೆಯ ಕೈತಪ್ಪಿತು. 1967ರಲ್ಲಿ ಕ್ಯಾಂಟರ್ ಸಂಸ್ಥೆಯನ್ನು ಮಾರಿದ, 1973ರಲ್ಲಿ ತೀರಿಕೊಂಡ.

ಆದರೆ ಅಷ್ಟು ಹೊತ್ತಿಗೆ ಬೀಜ ಬೇರೆ ನೆಲಗಳಲ್ಲಿ ಬಿದ್ದಿತ್ತು. ಗ್ರೀಸಿನಲ್ಲಿ 1951ರಲ್ಲೇ ಕ್ಲಾಸಿಕ್ಸ್ ಮಾಲೆಯ ಅನುವಾದಗಳು ಆರಂಭವಾಗಿ, ಅಲ್ಲಿನ ಪ್ರಕಾಶಕರು ತಮ್ಮ ಪುರಾಣ ಮತ್ತು ಇತಿಹಾಸದ ಕಥೆಗಳನ್ನು ಅದಕ್ಕೆ ಸೇರಿಸಿದ್ದರು. ಎರವಲು ತಂದ ಅಚ್ಚಿನಲ್ಲಿ ಮನೆಯ ಬೆಲ್ಲ ಹುಯ್ದಂತೆ. ಅದೇ ಪ್ರಯೋಗ ಭಾರತದಲ್ಲಿ ನಡೆದದ್ದು ಮೊದಲು ಬೆಂಗಳೂರಿನಲ್ಲಿ.

ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ವ್ಯಾಪಾರದಲ್ಲಿದ್ದ ಜಿ. ಕೆ. ಅನಂತರಾಂ ಅವರು ಕನ್ನಡದಲ್ಲಿ ಮಕ್ಕಳ ಚಿತ್ರಕಥೆಗಳನ್ನು ತರುವ ಸಲಹೆಯನ್ನು ಮುಂದಿಟ್ಟರು. 1965ರಲ್ಲಿ 'ಅಮರ ಚಿತ್ರಕಥೆ' ಎಂಬ ಹೆಸರಿನಲ್ಲಿ ಹತ್ತು ಪುಸ್ತಕಗಳು ಹೊರಬಂದವು: ಜ್ಯಾಕ್ ಮತ್ತು ಅವರೆಬಳ್ಳಿ, ಸಿಂಡರೆಲ್ಲ, ಕೆಂಪು ಟೋಪಿಯ ಹುಡುಗಿ, ಅಲ್ಲಾದೀನನ ದೀಪ, ಮಾಯಾ ಚಿಲುಮೆ, ಮೂರು ಹಂದಿಮರಿಗಳು, ನಿದ್ರಾಸುಂದರಿ, ಓಜ್ ನಾಡಿನ ಮಾಂತ್ರಿಕ, ಪಿನೋಕಿಯೋ ಮತ್ತು ಹಿಮಗೌರಿಯ ಕಥೆಗಳು. ಈ ಹತ್ತೂ ಜೂನಿಯರ್ ಪಟ್ಟಿಯಲ್ಲಿ ಇದ್ದಂಥವೇ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಮಾತಿನ ಗುಳ್ಳೆಯೊಳಗೆ ಅವನ್ನು ತುರುಕಬೇಕಾದವರು ಪ್ರತಿ ವಾಕ್ಯವನ್ನೂ ಚಿನಿವಾರನಂತೆ ತೂಗಿಯೇ ಇಡಬೇಕು. ಕನ್ನಡ ಓದಲು ಕಲಿಯುವ ಮಗುವಿಗೆ ಅಂಥ ಬಿಗಿಯಾದ ಚಿಕ್ಕ ವಾಕ್ಯಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆ ಯಶಸ್ಸೇ ಸಂಸ್ಥೆಯ ಮುಂಬಯಿಯ ಮುಖ್ಯಸ್ಥರಾದ ಜಿ. ಎಲ್. ಮೀರ್‌ಚಂದಾನಿಯವರು ಇಂಗ್ಲಿಷಿನಲ್ಲಿ ಮಾಲೆಯನ್ನು ಮುಂದುವರಿಸಲು ಕಾರಣವಾಯಿತೆಂದು ಅನಂತರಾಂ ಮುಂದೆ ತಿಳಿಸಿದ್ದಾರೆ. ಅದಕ್ಕಾಗಿ ದೊರೆತ ವ್ಯಕ್ತಿ ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ರಾಸಾಯನಿಕ ತಂತ್ರಜ್ಞಾನ ಓದಿಯೂ ಮನಸ್ಸು ಪುಸ್ತಕದ ಕಡೆಗೇ. 1967ರಲ್ಲಿ ದಿಲ್ಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ವಿಷಯ ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ನಿಂತದ್ದನ್ನು ಕಂಡದ್ದೇ ತಮಗೆ ಪ್ರೇರಣೆಯೆಂದು ಅವರು ಹೇಳುತ್ತಿದ್ದರು. ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ' ಹನ್ನೊಂದನೆಯ ಸಂಖ್ಯೆ ಹೊತ್ತು ಬಂದ. 1980ರಲ್ಲಿ 'ಟಿಂಕಲ್' ಆರಂಭವಾಯಿತು. 2011ರಲ್ಲಿ ನಿಧನರಾಗುವವರೆಗೂ ದೇಶದ ಮಕ್ಕಳಿಗೆಲ್ಲ ಅವರು 'ಅಂಕಲ್ ಪೈ'.

ಕೀರ್ತಿ ಕೃಷ್ಣನಿಗೆ ಸಂದಿತು. ಅವನಿಗೆ ದಾರಿ ಬಿಟ್ಟುಕೊಟ್ಟ ಕನ್ನಡದ ಸಿಂಡರೆಲ್ಲ ಪಟ್ಟಿಯಿಂದ ಮರೆಯಾದಳು. ಮಾಲೆ ಮುಂದೆ ಅನೇಕ ಭಾರತೀಯ ಭಾಷೆಗಳಿಗೆ, ಕನ್ನಡಕ್ಕೂ, ಅನುವಾದವಾಗಿ ಬಂದದ್ದು ನಿಜ. ಆದರೆ ಕನ್ನಡದಲ್ಲೇ ಹುಟ್ಟಿದ ಹೆಸರು ಇಂಗ್ಲಿಷಿನಿಂದ ಕನ್ನಡಕ್ಕೆ ಹಿಂದಿರುಗಿತೆಂಬುದು ನಗರದ ಇಂಗ್ಲಿಷ್ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳ ಕನ್ನಡದ ಸ್ಥಿತಿಯಂತೆಯೇ ಇದೆ. ಮನೆಯಲ್ಲಿ ಮಾತನಾಡುತ್ತಾರೆ, ಓದಲು ಇಂಗ್ಲಿಷನ್ನೇ ಎತ್ತಿಕೊಳ್ಳುತ್ತಾರೆ. ಒಂದು ಕಾಕತಾಳೀಯವೂ ಉಂಟು. ಮುಂದೆ ಅಮರ ಚಿತ್ರಕಥೆಯನ್ನು ಹೊಸ ಕ್ರಮಸಂಖ್ಯೆಗಳೊಡನೆ ಮರುಮುದ್ರಿಸಿದಾಗ 'ಕೃಷ್ಣ'ನಿಗೆ ದೊರೆತ ಸಂಖ್ಯೆ 501. ಹಿಮಗೌರಿಯ ಹಳೆಯ ಸಂಖ್ಯೆ.

ಜೂನಿಯರ್ ಮಾಲೆಯನ್ನು ಕೆನಡಾದ ಟೊರಾಂಟೋ ನಗರದ ಜ್ಯಾಕ್ ಲೇಕ್ ಪ್ರೊಡಕ್ಷನ್ಸ್ ಸಂಸ್ಥೆ 2003ರಿಂದ ಮತ್ತೆ ಅಚ್ಚುಹಾಕಲು ಆರಂಭಿಸಿತು. ಹಳೆಯ ಮೂಲ ಪ್ರತಿಗಳಿಗೂ ಸಂಗ್ರಾಹಕರ ಪೇಟೆಯಲ್ಲಿ ಬೆಲೆಯಿದೆ. ಆ ಪೇಟೆಯ ಒಂದು ಕಟ್ಟುಪಾಡು ಮಾತ್ರ ವಿನೋದವಾಗಿದೆ. ಬಣ್ಣ ತುಂಬಲೆಂದೇ ಪ್ರಕಾಶಕ ಬಿಟ್ಟುಕೊಟ್ಟ ಆ ಪುಟದಲ್ಲಿ ಯಾವುದಾದರೂ ಮಗು ನಿಜವಾಗಿಯೂ ಬಣ್ಣ ತುಂಬಿದ್ದರೆ, ಪುಸ್ತಕದ ಬೆಲೆ ಇಳಿಯುತ್ತದೆ.