ಹೊಲದ ಕಲ್ಲಿನ ಮೇಲೆ ಸೂರ್ಯ-ಚಂದ್ರ ಇದ್ದರೆ ಕೆಳಗೆ ನಿಧಿ ಇರುತ್ತಾ? ಹಳೇ ಗುರುತುಗಳನ್ನು ಓದೋದು ಹೀಗೆ



ಎಲೆಚುಕ್ಕೆ ರೋಗ, ಕಾಯಿಕೊರಕದ ಫೋಟೋಗಳ ನಡುವೆ ಈಗೀಗ ನನಗೆ ಇನ್ನೊಂದು ಥರದ ಫೋಟೋಗಳೂ ಬರ್ತಿವೆ. ಬದುವಿನ ಪಕ್ಕ ನಿಂತ ಹಳೇ ಕಲ್ಲು, ಅದರ ಮೇಲೆ ಸೂರ್ಯ, ಚಂದ್ರ, ಹಾವು, ಎತ್ತಿದ ಕೈ, ಇಲ್ಲವೇ ಬಾಣದ ಗುರುತು. ಜೊತೆಗೆ ಒಂದೇ ಪ್ರಶ್ನೆ: "ಸರ್, ಇದರ ಕೆಳಗೆ ನಿಧಿ ಇದೆ ಅಂತಾರೆ, ಅಗೆದು ನೋಡ್ಲಾ?"

ಮೊದಲೇ ಹೇಳಿಬಿಡ್ತೀನಿ, ಅಗೆಯಬೇಡಿ. ಬ್ಯಾಂಕ್ ಇಲ್ಲದ ಕಾಲದಲ್ಲಿ ಜನ ದುಡ್ಡು, ಒಡವೆಯನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದದ್ದು ನಿಜ. ಪಾಯ ತೋಡುವಾಗ ಹಳೇ ನಾಣ್ಯ ಸಿಗೋದೂ ಉಂಟು. ಆದರೆ ಬಚ್ಚಿಡುವವನು ಅದರ ಮೇಲೆ ಆಳೆತ್ತರದ ಕಲ್ಲು ನೆಟ್ಟು ಊರಿಗೆಲ್ಲ ತೋರಿಸ್ತಾನಾ? ಕಲ್ಲು ನೆಡೋದೇ ನಾಲ್ಕು ಜನ ನೋಡಲಿ ಅಂತ. ಹಾಗಾದರೆ ಏನನ್ನು ನೋಡಲಿ ಅಂತ ನೆಟ್ಟರು? ಒಂದೊಂದಾಗಿ ನೋಡೋಣ.

1. ಸೂರ್ಯ, ಚಂದ್ರ, ಹಸು-ಕರು

ಇದು ದಾನದ ಕಲ್ಲು. "ಸೂರ್ಯ ಚಂದ್ರರು ಇರುವವರೆಗೂ ಈ ದಾನ ನಡೆಯಲಿ" ಅನ್ನೋದು ಇದರ ಅರ್ಥ. ಶಾಸನಗಳಲ್ಲಿ ಇದನ್ನೇ ಆಚಂದ್ರಾರ್ಕ ಅಂತಾರೆ. ಚಿತ್ರದ ಕೆಳಗೆ ಅಕ್ಷರಗಳಿದ್ದರೆ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಎಲ್ಲೆ ಯಾವುದು ಅನ್ನೋ ವಿವರ ಇರುತ್ತೆ. ಗದ್ದೆ ಎಷ್ಟು, ಬೆದ್ದಲು ಎಷ್ಟು ಅಂತ ಮತ್ತರು, ಕಮ್ಮ, ಖಂಡುಗದ ಲೆಕ್ಕದಲ್ಲಿ ಬರೆದಿರ್ತಾರೆ. ಅಂದರೆ ನಿಮ್ಮ ಹೊಲದ ಹಳೇ ಪಹಣಿ ಅಂದುಕೊಳ್ಳಿ.

2. ಲಿಂಗ, ಕೊಡೆ ಹಿಡಿದ ವಾಮನ, ಮುಕ್ಕೊಡೆ

ಇವು ಎಲ್ಲೆ ಕಲ್ಲುಗಳು. ಲಿಂಗಮುದ್ರೆ ಇದ್ದರೆ ಆ ಜಮೀನು ಶಿವ ದೇವಾಲಯಕ್ಕೆ ಬಿಟ್ಟದ್ದು. ಕೊಡೆ, ಕಮಂಡಲ ಹಿಡಿದ ಕುಳ್ಳ ವಾಮನನಿದ್ದರೆ ವೈಷ್ಣವ ದೇವಾಲಯಕ್ಕೋ ಬ್ರಾಹ್ಮಣರಿಗೋ ಕೊಟ್ಟ ದತ್ತಿ. ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಜೈನ ಬಸದಿಯ ಭೂಮಿ. ದತ್ತಿ ಭೂಮಿಯ ಅಂಚಿನಲ್ಲಿ ಇಂಥ ಕಲ್ಲು ನೆಡುತ್ತಿದ್ದರು. ಹಾಗಾಗಿ ಸ್ವಲ್ಪ ದೂರದಲ್ಲಿ ಅಂಥದ್ದೇ ಇನ್ನೊಂದು ಸಿಕ್ಕರೆ ಆಶ್ಚರ್ಯ ಬೇಡ.

3. ಕಾದಾಟದ ಚಿತ್ರ, ಎತ್ತಿದ ಕೈ

ಕೆಳಗೆ ಯುದ್ಧ, ಮಧ್ಯದಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಇದು ವೀರಗಲ್ಲು. ದನಗಳ ಚಿತ್ರವೂ ಇದ್ದರೆ ಅದು ತುರುಗೋಳಿನ ಕಥೆ, ಅಂದರೆ ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನ ನೆನಪು. ಹೀಗೆ ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು.

ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಅದು ಮಾಸ್ತಿಗಲ್ಲು. ಗಂಡನ ಜೊತೆ ಪ್ರಾಣ ಬಿಟ್ಟ ಹೆಣ್ಣಿನ ಗುರುತು. "ಕೈ ಯಾವ ಕಡೆ ತೋರಿಸುತ್ತೋ ಆ ಕಡೆ ಹೊನ್ನು" ಅಂತ ಹೇಳಿ ಇವನ್ನು ಕಿತ್ತು ಒಡೆದು ಹಾಕಿದವರಿದ್ದಾರೆ. ಅಲ್ಲಿರೋದು ಯಾರದೋ ಮನೆಯ ದುಃಖ ಕಣ್ರೀ.

4. ಹಾವು

ಹೆಡೆ ಎತ್ತಿದ ಒಂದು ಹಾವು, ಇಲ್ಲವೇ ಹೆಣೆದುಕೊಂಡ ಎರಡು ಹಾವು. ಮಕ್ಕಳಾಗಲಿ ಅಂತಲೋ ಹರಕೆ ಹೊತ್ತೋ ಅರಳಿಕಟ್ಟೆಯಲ್ಲಿ ಪ್ರತಿಷ್ಠೆ ಮಾಡಿದ ನಾಗರಕಲ್ಲು ಅದು. "ನಿಧಿ ಕಾಯೋ ಸರ್ಪ" ಅನ್ನೋದು ಅಜ್ಜಿ ಕಥೆ.

5. ಬಾಣ, ಅಡ್ಡಗೆರೆ

ಇದು ಸರ್ವೆಯವರ ಕೆಲಸ. ಬ್ರಿಟಿಷರ ಕಾಲದ ಸರ್ವೆಯಲ್ಲಿ ಬಾಣದ ಗುರುತು ಸಾಮಾನ್ಯ. ಜೊತೆಗೆ "ಜಿ.ಟಿ.ಎಸ್. ಬಿ.ಎಂ." ಅಂತ ಇಂಗ್ಲಿಷ್ ಅಕ್ಷರ ಕೊರೆದಿದ್ದರೆ, ಸಮುದ್ರಮಟ್ಟದಿಂದ ಆ ಜಾಗ ಎಷ್ಟು ಎತ್ತರ ಅಂತ ಅಳೆಯೋಕೆ ಇಟ್ಟ ಕಲ್ಲು. ಹೊಲದ ಮೂಲೆಯ ಬಾಂದು ಕಲ್ಲಿನ ಮೇಲೂ ಗೀರು ಇರಬಹುದು. ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತು ನೋಡಿ. ಸರ್ವೆ ನಂಬರ್‌ಗಳು ಕೂಡುವ ಕಡೆ ಕಲ್ಲಿದ್ದರೆ ಅದು ಬಾಂದು ಕಲ್ಲೇ ಇರಬಹುದು. ಅದನ್ನು ಕಿತ್ತರೆ ನಿಧಿ ಸಿಗಲ್ಲ, ಪಕ್ಕದ ಹೊಲದವರ ಜೊತೆ ಕೋರ್ಟ್ ಕೇಸ್ ಸಿಗುತ್ತೆ.

6. ಬಂಡೆ ಮೇಲಿನ ಗುಳಿಗಳು

ಒಂದೇ ಸಾಲಿನಲ್ಲಿ ಚಿಕ್ಕ ಚೌಕ ಗುಳಿಗಳಿದ್ದರೆ ಕಲ್ಲು ಸೀಳಲು ಬೆಣೆ ಹೊಡೆದ ಜಾಗ. ಎರಡು ಸಾಲು ದುಂಡು ಗುಳಿಗಳಿದ್ದರೆ ದನ ಕಾಯೋರು ಆಡಿದ ಅಳಗುಳಿ ಮಣೆ ಇರಬಹುದು. ಗೆರೆಗಳ ಜಾಲ ಇದ್ದರೆ ಹುಲಿ-ಕುರಿ ಆಟ. ಇದನ್ನೇ "ನಿಧಿ ನಕ್ಷೆ" ಅಂತ ವಾಟ್ಸಾಪ್‌ನಲ್ಲಿ ಕಳಿಸ್ತಾರೆ.

ಹಾಗಾದರೆ ಈ ಕಲ್ಲಿಗೆ ಬೆಲೆ ಇಲ್ವಾ?

ಇದೆ, ಅದೂ ಕಲ್ಲಿನ ಮೇಲೆಯೇ ಇದೆ. ಮೂರು ಉದಾಹರಣೆ ಕೊಡ್ತೀನಿ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಂಡೆ ಮೇಲಿನ ಬರಹ ಬಿತ್ತು. ಅದು ಅಶೋಕನ ಶಾಸನ. ಅಲ್ಲಿವರೆಗೆ ಸಿಕ್ಕ ಅವನ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಬಿರುದು ಮಾತ್ರ ಇತ್ತು, ಅಶೋಕ ಅನ್ನೋ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಒಂದು ಸಣ್ಣ ಹಳ್ಳಿ. ಅಲ್ಲಿದ್ದ ಒಂದು ಕಲ್ಲಿನಿಂದಲೇ ಕನ್ನಡ ಬರವಣಿಗೆ ಸುಮಾರು ಕ್ರಿ.ಶ. 450ರಷ್ಟು ಹಳೆಯದು ಅಂತ ಹೇಳೋಕೆ ಆಧಾರ ಸಿಕ್ಕಿತು.

ಇನ್ನು ಮದ್ದೂರು ತಾಲ್ಲೂಕಿನ ಆತಕೂರು. ಸುಮಾರು 950ರ ಆ ಕಲ್ಲಿನ ಮೇಲೆ ನಾಯಿಯೂ ಕಾಡುಹಂದಿಯೂ ಕಾದಾಡುವ ಚಿತ್ರ ಇದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕು ಅಂತ ಕೇಳಿದಾಗ, ಅವನು ಕೇಳಿ ಪಡೆದದ್ದು "ಕಾಳಿ" ಎಂಬ ಬೇಟೆನಾಯಿ. ಅದು ಹಂದಿಯ ಜೊತೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಯಾರಾದರೂ "ಹಂದಿ ಮೂತಿ ಕಡೆ ಹೊನ್ನಿದೆ" ಅಂತ ಅದನ್ನು ಒಡೆದಿದ್ದರೆ ಕಾಳಿಯ ಕಥೆ ನಮಗೆ ಸಿಗುತ್ತಿತ್ತಾ?

ನಿಧಿ ಏಜೆಂಟರ ಬಗ್ಗೆ ಹುಷಾರ್

ಇವರ ದಾರಿ ಹೆಚ್ಚು ಕಡಿಮೆ ಒಂದೇ. ಫೋಟೋ ನೋಡಿ "ದೊಡ್ಡ ನಿಧಿ" ಅಂತಾರೆ. ಮೆಷಿನ್ ತಂದು ಸದ್ದು ಮಾಡಿಸ್ತಾರೆ. ಮೆಟಲ್ ಡಿಟೆಕ್ಟರ್ ಮುರಿದ ಕುಡುಗೋಲಿಗೂ, ಹಳೇ ಲಾಳಕ್ಕೂ ಕೂಗುತ್ತೆ ಅನ್ನೋದನ್ನು ಹೇಳಲ್ಲ. ಆಮೇಲೆ ಪೂಜೆ ಖರ್ಚು, ಅಮಾವಾಸ್ಯೆ ಖರ್ಚು ಶುರು. ಸಾಲ ನಿಮ್ಮ ಹೆಸರಲ್ಲಿ, ಗುಂಡಿ ನಿಮ್ಮ ಹೊಲದಲ್ಲಿ, ಪೊಲೀಸರು ಬಂದಾಗ ಅವರ ಫೋನ್ ಸ್ವಿಚ್ ಆಫ್.

ಕಾನೂನು ಏನು ಹೇಳುತ್ತೆ ಅಂದರೆ:

- ನಿಧಿಗೆ ಸಂಬಂಧಿಸಿದ 1962ರ ರಾಜ್ಯ ಕಾಯ್ದೆ ಪ್ರಕಾರ, ಭೂಮಿಯಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ನಿಮ್ಮ ಸ್ವಂತ ಹೊಲವಾದರೂ ಅಷ್ಟೇ. ಮುಚ್ಚಿಟ್ಟರೆ ಅಪರಾಧ.
- ನಿಧಿಗಾಗಿ ವಾಮಾಚಾರ ಮಾಡೋದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ತಡೆಯುತ್ತದೆ.

ಕಲ್ಲು ಸಿಕ್ಕರೆ ಏನು ಮಾಡಬೇಕು?

1. ಇದ್ದಲ್ಲೇ ಬಿಡಿ. ಜೆಸಿಬಿಯಲ್ಲಿ ಹೊಲ ಮಟ್ಟ ಮಾಡಿಸುವ ಮುಂಚೆ ಡ್ರೈವರ್‌ಗೆ ಕಲ್ಲು ತೋರಿಸಿ ಹೇಳಿ.
2. ಸೀಮೆಸುಣ್ಣ, ಪೇಂಟ್, ಎಣ್ಣೆ ಹಚ್ಚಬೇಡಿ. ತಂತಿ ಬ್ರಷ್‌ನಿಂದ ಉಜ್ಜಬೇಡಿ.
3. ಫೋಟೋವನ್ನು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ. ರಾತ್ರಿಯಾದರೆ ಇನ್ನೊಂದು ಫೋನಿನ ಟಾರ್ಚ್ ಅನ್ನು ಪಕ್ಕದಿಂದ ಹಿಡಿಯಿರಿ. ನೆರಳು ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತೆ.
4. ಅಳತೆ ಗೊತ್ತಾಗಲು ಪಕ್ಕದಲ್ಲಿ ಸ್ಕೇಲ್ ಇಡಿ, ಲೊಕೇಶನ್ ಸೇವ್ ಮಾಡಿ.
5. ರಾಜ್ಯ ಪುರಾತತ್ವ ಇಲಾಖೆಗೆ, ಇಲ್ಲವೇ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ಕಳಿಸಿ. ಲೊಕೇಶನ್ ಹಾಕಿ ಫೇಸ್‌ಬುಕ್‌ಗೆ ಏರಿಸಬೇಡಿ, ಕಳ್ಳರಿಗೆ ನೀವೇ ದಾರಿ ತೋರಿಸಿದಂತೆ ಆಗುತ್ತೆ.

"ಹೇಳಿದರೆ ಜಮೀನೇ ಹೋಗಿಬಿಟ್ರೆ?" ಅನ್ನೋ ಭಯ ಅನೇಕರಿಗೆ ಇದೆ, ಅದು ಸಹಜ. ಒಂದು ಕಲ್ಲಿನ ಫೋಟೋ ಕಳಿಸಿದ ಮಾತ್ರಕ್ಕೆ ಹೊಲ ಸಂರಕ್ಷಿತ ಸ್ಮಾರಕ ಆಗಲ್ಲ. ಅದಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಸಮಯ ಕೊಡಬೇಕು. ಈಗಾಗಲೇ ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿ ನಿಮ್ಮ ಹೊಲ ಇದ್ದರೆ ಮಾತ್ರ ಮನೆ ಕಟ್ಟುವ, ಅಗೆಯುವ ಮುಂಚೆ ಅನುಮತಿ ಬೇಕಾ ಅಂತ ವಿಚಾರಿಸಿ.

ಕೊನೆಯದಾಗಿ ರೈತರಿಗೆ ನೇರ ಲಾಭದ ಮಾತು. ಎಷ್ಟೋ ಶಾಸನಗಳು ಕೆರೆಯ ಬಗ್ಗೆಯೇ ಇವೆ: ಯಾರು ಕಟ್ಟಿಸಿದರು, ಅದರ ರಿಪೇರಿಗೆ ಯಾವ ಗದ್ದೆ ಬಿಟ್ಟರು ಅಂತ. ಕೆರೆಗೊಡಗೆ, ಬಿತ್ತುವಟ್ಟ ಅನ್ನೋ ಪದಗಳು ಇದಕ್ಕೇ ಸೇರಿದ್ದು. ನಿಮ್ಮೂರ ಕಲ್ಲನ್ನು ಓದಿಸಿದರೆ ಈಗ ಹೂಳು ತುಂಬಿ ಮರೆತೇ ಹೋಗಿರೋ ಕೆರೆಯ ಹೆಸರು ಅದರಲ್ಲಿ ಸಿಗಬಹುದು. ಅಗೆಯಲೇಬೇಕು ಅಂದರೆ ಆ ಕೆರೆಯ ಹೂಳು ಅಗೆಯಿರಿ, ಬೋರ್‌ವೆಲ್‌ಗೆ ನೀರು, ಹೊಲಕ್ಕೆ ಗೋಡು ಎರಡೂ ಸಿಗುತ್ತೆ.